ದಿನಾಂಕವಿಲ್ಲದ ರಾಜೀನಾಮೆಗಳು

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಜಗತ್ತಿನಲ್ಲಿ ಜನರ ಓಟು ಪಡೆದು ಅಧಿಕಾರಕ್ಕೆ ಬಂದ ಮೊದಲ ಕಮ್ಯುನಿಸ್ಟ್ ಸರ್ಕಾರ ಯಾವುದು? ಕೆಎಎಸ್ ಪರೀಕ್ಷೆಗೆ ಓದ್ತಿರೋ ಹುಡುಗರು ಥಟ್ ಅಂತ ಉತ್ತರ ಕೊಡ್ತಾರೆ. ಕೇರಳ, 1957, ಇ.ಎಂ.ಎಸ್. ನಂಬೂದಿರಿಪಾಡ್. ನಾನೂ ಬಹಳ ವರ್ಷ ಹಾಗೇ ನಂಬಿಕೊಂಡಿದ್ದೆ. ಭಾರತದ ಮಟ್ಟಿಗೆ ಅದು ಸರಿ. ಆದರೆ ಜಗತ್ತಿನ ಲೆಕ್ಕಕ್ಕೆ ಬಂದ್ರೆ ಅಲ್ಲೊಂದು ತಕರಾರಿದೆ. ಕೇರಳಕ್ಕಿಂತ ಹನ್ನೆರಡು ವರ್ಷ ಮೊದಲೇ, ಯುರೋಪಿನ ಒಂದು ಗುಡ್ಡದ ಮೇಲೆ, ಕಮ್ಯುನಿಸ್ಟರು ಸಮಾಜವಾದಿಗಳ ಕೈ ಹಿಡಿದು ಚುನಾವಣೆ ಗೆದ್ದು ಸರ್ಕಾರ ಮಾಡಿದ್ದರು. ಒಂದಲ್ಲ ಎರಡಲ್ಲ, ಸತತ ನಾಲ್ಕು ಚುನಾವಣೆ ಗೆದ್ದರು. ನಾಲ್ಕನೆಯದನ್ನು ಗೆದ್ದು ಎರಡೇ ವರ್ಷಕ್ಕೆ ಆ ಸರ್ಕಾರ ಹೋಯಿತು. ಹೋದದ್ದು ಓಟಿನಿಂದಲ್ಲ. ಹೇಗೆ ಹೋಯಿತು ಅನ್ನೋದನ್ನ ಕೇಳಿದರೆ, ಕರ್ನಾಟಕದ ರಾಜಕೀಯ ನೋಡಿಕೊಂಡು ಬಂದ ನಿಮಗೆ ಎಲ್ಲೋ ಕಂಡಂಗಿದೆಯಲ್ಲ ಅಂತ ಅನಿಸದೇ ಇರೋದಿಲ್ಲ.

ಆ ದೇಶದ ಹೆಸರು ಸ್ಯಾನ್ ಮರೀನೊ. ಸುತ್ತಲೂ ಇಟಲಿ, ನಟ್ಟನಡುವೆ ಇದೊಂದು ಪುಟ್ಟ ಗಣರಾಜ್ಯ. ವಿಸ್ತೀರ್ಣ 61 ಚದರ ಕಿಲೋಮೀಟರ್. ನಮ್ಮ ಬಿಬಿಎಂಪಿ ವ್ಯಾಪ್ತಿಯೇ 700 ಚದರ ಕಿಲೋಮೀಟರ್ ದಾಟಿತ್ತು ಅಂದ್ರೆ ಲೆಕ್ಕ ಹಾಕಿ. 1950ರ ದಶಕದಲ್ಲಿ ಅಲ್ಲಿದ್ದ ಜನಸಂಖ್ಯೆ ಹದಿಮೂರು–ಹದಿನಾಲ್ಕು ಸಾವಿರ. ನಮ್ಮಲ್ಲಿ ಒಂದು ದೊಡ್ಡ ಹೋಬಳಿಯಲ್ಲಿ ಅದಕ್ಕಿಂತ ಹೆಚ್ಚು ಜನ ಸಿಗ್ತಾರೆ. ಟಿಟಾನೊ ಅನ್ನೋ ಬೆಟ್ಟ, ಅದರ ನೆತ್ತಿಯ ಮೇಲೆ ಕೋಟೆ, ಕೋಟೆಯ ಕೆಳಗೆ ರಾಜಧಾನಿ. ಬೆಟ್ಟ ಇಳಿದು ಹೋದರೆ ಇಟಲಿಯ ಸಮುದ್ರ ತೀರದ ಊರು ರಿಮಿನಿ.

ಚಿಕ್ಕದು ಅಂತ ಹಗುರವಾಗಿ ನೋಡಬೇಡಿ. ಕ್ರಿ.ಶ. 301ರಲ್ಲಿ ಮರೀನಸ್ ಅನ್ನೋ ಕಲ್ಲುಕುಟಿಗ ಸಂತ ಇದನ್ನು ಸ್ಥಾಪಿಸಿದ ಅನ್ನೋದು ಅವರ ನಂಬಿಕೆ. ನೆಪೋಲಿಯನ್, ನಿಮ್ಮ ದೇಶದ ಗಡಿ ವಿಸ್ತರಿಸಿಕೊಡ್ತೀನಿ, ತಗೊಳ್ಳಿ ಅಂದಾಗ, ಬೇಡ ಸ್ವಾಮಿ, ಇದ್ದಷ್ಟೇ ಸಾಕು ಅಂದ ಜನ ಇವರು. ಅದಕ್ಕೇ ಉಳಿದುಕೊಂಡರು ಅಂತ ನನಗನಿಸುತ್ತೆ. ಸುತ್ತಮುತ್ತಲಿನ ಎಷ್ಟೋ ಸಂಸ್ಥಾನಗಳು ಇಟಲಿ ಒಂದಾದಾಗ ಹೇಳಹೆಸರಿಲ್ಲದಂತೆ ಕರಗಿದವು. ಇದೊಂದು ಉಳಿಯಿತು.

ಇನ್ನು ಅಲ್ಲಿನ ಆಡಳಿತ. ಇದನ್ನು ಸ್ವಲ್ಪ ಗಮನವಿಟ್ಟು ನೋಡಿ, ಮುಂದಿನ ಇಡೀ ಜಗಳ ನಿಂತಿರೋದೇ ಇದರ ಮೇಲೆ. ಸಂಸತ್ತಿಗೆ ಅವರು ಮಹಾಸಭೆ ಅಂತಾರೆ, ಅದರಲ್ಲಿ 60 ಸದಸ್ಯರು. ಈ 60 ಜನ ಸೇರಿ ಇಬ್ಬರನ್ನು ರಾಷ್ಟ್ರದ ಮುಖ್ಯಸ್ಥರನ್ನಾಗಿ ಆರಿಸ್ತಾರೆ. ಒಬ್ಬರಲ್ಲ, ಇಬ್ಬರು! ಕ್ಯಾಪ್ಟನ್ ರೀಜೆಂಟ್ ಅಂತ ಅವರಿಗೆ ಹೆಸರು. ಅಧಿಕಾರಾವಧಿ ಎಷ್ಟು ಗೊತ್ತಾ? ಬರೀ ಆರು ತಿಂಗಳು. ಏಪ್ರಿಲ್ 1ಕ್ಕೆ ಒಂದು ಜೋಡಿ, ಅಕ್ಟೋಬರ್ 1ಕ್ಕೆ ಇನ್ನೊಂದು ಜೋಡಿ. ಯಾರೂ ಕುರ್ಚಿಗೆ ಅಂಟಿಕೊಳ್ಳಬಾರದು ಅಂತ ಹಳಬರು ಮಾಡಿಕೊಂಡ ಏರ್ಪಾಟು. ಒಳ್ಳೆಯ ಏರ್ಪಾಟೇ. ಆದರೆ ಮಹಾಸಭೆಯೇ ಸೇರದಿದ್ದರೆ ಹೊಸ ಜೋಡಿಯನ್ನು ಆರಿಸೋರು ಯಾರು? ಈ ಪ್ರಶ್ನೆ ನೆನಪಿರಲಿ.

ಎರಡನೇ ಮಹಾಯುದ್ಧದಲ್ಲಿ ಸ್ಯಾನ್ ಮರೀನೊ ತಟಸ್ಥ ದೇಶ. ಆದರೂ 1944ರ ಜೂನ್‌ನಲ್ಲಿ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದವು. ಹತ್ತಾರು ಜನ ಸತ್ತರು. ರಿಮಿನಿಯಿಂದ ಬೆಟ್ಟಕ್ಕೆ ಬರುತ್ತಿದ್ದ ಚೆಂದದ ರೈಲು ಮಾರ್ಗ ಹಾಳಾಯಿತು. ಅದೇ ವರ್ಷ ಯುದ್ಧದಿಂದ ಓಡಿ ಬಂದ ಸುಮಾರು ಒಂದು ಲಕ್ಷ ಇಟಲಿ ಜನರಿಗೆ ಈ ಪುಟ್ಟ ದೇಶ ಆಶ್ರಯ ಕೊಟ್ಟಿತು. ರೈಲಿನ ಸುರಂಗಗಳಲ್ಲಿ ಜನ ಮಲಗುತ್ತಿದ್ದರು. ಮನೆಯಲ್ಲಿ ಹದಿನೈದು ಸಾವಿರ, ಬಾಗಿಲಲ್ಲಿ ಒಂದು ಲಕ್ಷ. ಆ ಪರಿಸ್ಥಿತಿಯಲ್ಲಿ ಅನ್ನ ಹಾಕಿದ ದೇಶ ಅದು. ಯಾಕೆ ಹೇಳ್ತಿದ್ದೀನಿ ಅಂದ್ರೆ, ಹದಿಮೂರು ವರ್ಷದ ನಂತರ ಅದೇ ಇಟಲಿ ಇದೇ ದೇಶದ ರಸ್ತೆ ಬಂದ್ ಮಾಡುತ್ತೆ.

ಅದಕ್ಕೂ ಮುಂಚೆ ಇಪ್ಪತ್ತು ವರ್ಷ, 1923ರಿಂದ 1943ರವರೆಗೆ, ಅಲ್ಲಿ ಫ್ಯಾಸಿಸ್ಟರ ಆಡಳಿತ ಇತ್ತು. ಮುಸೊಲಿನಿಯ ನೆರಳಲ್ಲಿ ಬೆಳೆದದ್ದು, ಅವನ ಜೊತೆಗೇ ಬಿದ್ದುಹೋಯಿತು. 1945ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಕಮ್ಯುನಿಸ್ಟರು ಮತ್ತು ಸಮಾಜವಾದಿಗಳು ಒಂದೇ ಕೂಟವಾಗಿ ನಿಂತರು. 60ಕ್ಕೆ 40 ಸೀಟು! ಕಲ್ಲುಗಣಿ ಕೆಲಸಗಾರರು, ಗೇಣಿದಾರರು, ಪರದೇಶಕ್ಕೆ ಹೋಗಿ ದುಡಿದು ಬಂದವರು ಇವರ ಬೆನ್ನಿಗಿದ್ದರು. ಕಮ್ಯುನಿಸ್ಟ್ ನಾಯಕ ಎರ್ಮೆನೆಜಿಲ್ಡೊ ಗಾಸ್ಪೆರೋನಿ ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದವನು. ವಿದೇಶಾಂಗದ ಹೊಣೆ ಹೊತ್ತದ್ದು ಸಮಾಜವಾದಿ ಜೀನೊ ಜಾಕೊಮಿನಿ.

ಸರ್ಕಾರ ಮಾಡೋದು ಸುಲಭ, ನಡೆಸೋದಕ್ಕೆ ದುಡ್ಡು ಬೇಕಲ್ಲ? ಅಂಚೆಚೀಟಿ ಮಾರಿ ಬರೋ ಹಣ ಎಷ್ಟಕ್ಕೆ ಸಾಕು? 1949ರಲ್ಲಿ ಈ ಎಡ ಸರ್ಕಾರ ಏನು ಮಾಡಿತು ಗೊತ್ತಾ? ಒಂದು ಕ್ಯಾಸಿನೊ ತೆರೆಯಿತು. ಹೌದು, ಜೂಜುಕಟ್ಟೆ! ಕಾರ್ಲ್ ಮಾರ್ಕ್ಸ್ ಫೋಟೊ ಇಟ್ಟುಕೊಂಡೋರು ರೂಲೆಟ್ ಚಕ್ರ ತಿರುಗಿಸಿದರು. ನಗಬೇಡಿ, ಸಾರಾಯಿ ದುಡ್ಡಲ್ಲಿ ಬಜೆಟ್ ಮಾಡೋ ನಾವು ನಗೋ ಹಾಗಿಲ್ಲ. ಇಟಲಿಗೆ ಸಿಟ್ಟು ಬಂತು. ಗಡಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಒಳಹೋಗೋ ಹೊರಬರೋ ಪ್ರತಿಯೊಂದು ಗಾಡಿಯನ್ನೂ ಗಂಟೆಗಟ್ಟಲೆ ತಪಾಸಣೆ ಮಾಡಿತು. ಪ್ರವಾಸಿಗರು ಬರೋದು ನಿಂತಿತು. ಕೊನೆಗೆ ಕ್ಯಾಸಿನೊ ಮುಚ್ಚಲೇಬೇಕಾಯಿತು. ಆಗಲೇ ಎಲ್ಲರಿಗೂ ಒಂದು ವಿಷಯ ಅರ್ಥವಾಗಿತ್ತು. ಈ ದೇಶದ ಒಳಗೆ ಯಾರು ಗೆದ್ದರೂ, ರಸ್ತೆಯ ಕೀಲಿ ಇರೋದು ರೋಮ್‌ನಲ್ಲಿ. ಮತ್ತು 1948ರಿಂದ ರೋಮ್‌ನಲ್ಲಿ ಗಟ್ಟಿಯಾಗಿ ಕೂತಿದ್ದವರು ಅಮೆರಿಕದ ಬೆಂಬಲವಿದ್ದ ಕ್ರಿಶ್ಚಿಯನ್ ಡೆಮಾಕ್ರಾಟರು.

1951ರಲ್ಲಿ ಎಡಕೂಟ ಗೆದ್ದಿತು, ಆದರೆ ಉಸಿರು ಬಿಗಿಹಿಡಿದು. 60ಕ್ಕೆ 31. ಒಬ್ಬ ಸದಸ್ಯನಿಗೆ ಜ್ವರ ಬಂದು ಮಲಗಿದರೂ ಸರ್ಕಾರ ಅಲ್ಲಾಡೋ ಸ್ಥಿತಿ. ನಾಲ್ಕು ವರ್ಷ ಅದರಲ್ಲೇ ಎಳೆದರು.

ಈಗ ಬನ್ನಿ 1955ರ ಚುನಾವಣೆಗೆ. ಆಗಸ್ಟ್ 14, ಭಾನುವಾರ. ಮಾರನೇ ದಿನ ಇಟಲಿ ಕಡೆಯ ಜನಕ್ಕೆ ದೊಡ್ಡ ಹಬ್ಬ, ಬೇಸಿಗೆ ರಜೆಯ ನಡುಮಧ್ಯ. ದುಡಿಯೋಕೆ ಹೊರಗೆ ಹೋದವರು ಊರಿಗೆ ಬಂದು ಓಟು ಹಾಕೋದು ಅಲ್ಲಿನ ವಾಡಿಕೆ. ಅಲ್ಲಿ ಕ್ಷೇತ್ರಗಳು ಇಲ್ಲ, ಇಡೀ ದೇಶವೇ ಒಂದು ಕ್ಷೇತ್ರ. ಪಕ್ಷಗಳು ಪಟ್ಟಿ ಕೊಡ್ತವೆ, ಓಟಿಗೆ ತಕ್ಕಂತೆ ಸೀಟು ಹಂಚಿಕೆ ಆಗುತ್ತೆ. ಇಂಥ ಊರಲ್ಲಿ ಪ್ರಚಾರ ಅಂದ್ರೆ ಏನು ಯೋಚನೆ ಮಾಡಿ. ಕಮ್ಯುನಿಸ್ಟ್ ಅಭ್ಯರ್ಥಿ ಮತ್ತೆ ಕ್ರಿಶ್ಚಿಯನ್ ಡೆಮಾಕ್ರಾಟ್ ಅಭ್ಯರ್ಥಿ ಸೋದರಸಂಬಂಧಿಗಳಾಗಿರಬಹುದು. ಓಟು ಯಾರಿಗೆ ಹಾಕಿದೆ ಅನ್ನೋ ಗುಟ್ಟು ಅಂಥ ಊರಲ್ಲಿ ಎಷ್ಟು ದಿನ ನಿಲ್ಲುತ್ತೆ?

ಓಟು ಹಾಕಿದವರು ಗಂಡಸರು ಮಾತ್ರ. ಹೆಂಗಸರಿಗೆ ಹಕ್ಕೇ ಇರಲಿಲ್ಲ. ಸಮಾನತೆಯ ಸರ್ಕಾರ ಹತ್ತು ವರ್ಷ ಅಧಿಕಾರದಲ್ಲಿದ್ದ ಮೇಲೂ ಇರಲಿಲ್ಲ. ನಮ್ಮಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ, 1951–52ರಲ್ಲೇ, ಓದು ಬರಹ ಬಾರದ ಅಜ್ಜಿಯೂ ಹೋಗಿ ಓಟು ಹಾಕಿ ಬಂದಿದ್ದಳು.

ಫಲಿತಾಂಶ ಬಂತು. ಕಮ್ಯುನಿಸ್ಟರು 19, ಸಮಾಜವಾದಿಗಳು 16. ಒಟ್ಟು 35. ಎದುರುಗಡೆ ಕ್ರಿಶ್ಚಿಯನ್ ಡೆಮಾಕ್ರಾಟರು 23, ಸೋಷಿಯಲ್ ಡೆಮಾಕ್ರಾಟರು 2. ಒಂಟಿ ಕಾಲಲ್ಲಿ ನಿಂತಿದ್ದ ಸರ್ಕಾರ ನಾಲ್ಕು ಸೀಟು ಹೆಚ್ಚಿಸಿಕೊಂಡು ಎರಡೂ ಕಾಲೂರಿ ನಿಂತಿತು. ಒಂದೇ ಪಕ್ಷ ಅಂತ ಲೆಕ್ಕ ಹಾಕಿದರೆ ಅತಿ ದೊಡ್ಡ ಪಕ್ಷ ಕ್ರಿಶ್ಚಿಯನ್ ಡೆಮಾಕ್ರಾಟರೇ. ಆದರೆ ಮೆಜಾರಿಟಿ ಕೂಟದ್ದು. ಈ ಲೆಕ್ಕಾಚಾರ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅಲ್ಲೊಂದು ಸಣ್ಣ ಸಂಗತಿ ನಡೆದಿತ್ತು. ಎಡಕೂಟದವರು ತಮ್ಮವರಿಂದ ಮುಂಚಿತವಾಗಿಯೇ ಒಂದೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಮಹಾಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಡ್ತೀನಿ ಅನ್ನೋ ಕಾಗದ. ಹೆಸರಿದೆ, ಸಹಿ ಇದೆ. ದಿನಾಂಕ ಇಲ್ಲ. ಯಾರಾದರೂ ಪಕ್ಷ ಬಿಟ್ಟು ಹೋದರೆ ದಿನಾಂಕ ತುಂಬಿ ಕೊಟ್ಟರಾಯಿತು, ಸೀಟು ಖಾಲಿ! ಪಕ್ಷಾಂತರ ನಿಷೇಧ ಕಾಯ್ದೆ ನಮ್ಮಲ್ಲಿ ಬಂದದ್ದು 1985ರಲ್ಲಿ. ಇವರು ಅದಕ್ಕೂ ಮೂವತ್ತು ವರ್ಷ ಮುಂಚೆ ಮನೆಮದ್ದು ಮಾಡಿಕೊಂಡಿದ್ದರು. ಸಹಿ ಹಾಕುವಾಗ ಯಾರಾದರೂ ಇದನ್ನು ದೊಡ್ಡ ವಿಷಯ ಅಂದುಕೊಂಡಿದ್ದರೋ ಇಲ್ಲವೋ. ಗೆಲ್ಲೋ ಹುಮ್ಮಸ್ಸಿನಲ್ಲಿ ಯಾರು ಓದಿ ಸಹಿ ಹಾಕ್ತಾರೆ?

1956 ಬಂತು. ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಕ್ರುಶ್ಚೇವ್ ಎದ್ದು ನಿಂತು ಸ್ಟಾಲಿನ್ ಮಾಡಿದ ಘೋರಗಳನ್ನು ಬಿಚ್ಚಿಟ್ಟ. ನವೆಂಬರ್‌ನಲ್ಲಿ ಹಂಗೇರಿಯ ಬುಡಾಪೆಸ್ಟ್ ಬೀದಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ಯುರೋಪಿನ ಎಲ್ಲ ಸಮಾಜವಾದಿಗಳ ಮನೆಯಲ್ಲೂ ಜಗಳ ಹತ್ತಿತು. ಈ ಕಮ್ಯುನಿಸ್ಟರ ಜೊತೆ ಇನ್ನೂ ಇರೋದಾ, ಬಿಡೋದಾ? ಬೆಟ್ಟದ ಮೇಲಿನ ಆ ಪುಟ್ಟ ದೇಶಕ್ಕೂ ಗಾಳಿ ತಾಗಿತು. 1957ರ ವಸಂತದಲ್ಲಿ ಐದು ಜನ ಸಮಾಜವಾದಿ ಸದಸ್ಯರು ಪಕ್ಷ ಬಿಟ್ಟು ಹೊರಬಂದು ತಮ್ಮದೇ ಸ್ವತಂತ್ರ ಪಕ್ಷ ಕಟ್ಟಿದರು. ಏಪ್ರಿಲ್ 5ರಂದು ತಿರುವನಂತಪುರದಲ್ಲಿ ಇ.ಎಂ.ಎಸ್. ಪ್ರಮಾಣವಚನ ಸ್ವೀಕರಿಸಿದ್ದೂ ಅದೇ ಋತುವಿನಲ್ಲಿ. ಒಂದು ಕಡೆ ಬಾಗಿಲು ತೆರೀತಾ ಇದೆ, ಇನ್ನೊಂದು ಕಡೆ ಮುಚ್ಚುತ್ತಾ ಇದೆ.

35ರಲ್ಲಿ 5 ಕಳೆದರೆ 30. ಆ ಕಡೆ 25ಕ್ಕೆ 5 ಸೇರಿದರೆ 30. ಸಮಸಮ! ಆ ಐದು ಜನ ಆತ್ಮಸಾಕ್ಷಿಯಿಂದ ಹೋದರಾ, ಆಮಿಷಕ್ಕೆ ಹೋದರಾ? ಎಡದವರು ಅವರನ್ನು ದ್ರೋಹಿಗಳು ಅಂದರು. ನನ್ನ ಮಟ್ಟಿಗೆ ಹೇಳೋದಾದರೆ, ಬುಡಾಪೆಸ್ಟ್ ನೋಡಿದ ಮೇಲೆ ಒಬ್ಬ ಸಮಾಜವಾದಿಗೆ ಮನಸ್ಸು ಕಲಕಿತು ಅಂದ್ರೆ ನಂಬೋದು ಕಷ್ಟವೇನಲ್ಲ. ಆದರೆ ಅವರಿಗೆ ಓಟು ಹಾಕಿದವನು ಎಡಕೂಟದ ಪಟ್ಟಿ ನೋಡಿ ಹಾಕಿದ್ದ ಅನ್ನೋದೂ ಅಷ್ಟೇ ನಿಜ.

ಸೆಪ್ಟೆಂಬರ್ 19ಕ್ಕೆ ಮಹಾಸಭೆ ಸೇರಬೇಕಿತ್ತು. ಅಕ್ಟೋಬರ್ 1ರಿಂದ ಅಧಿಕಾರಕ್ಕೆ ಬರೋ ಹೊಸ ರೀಜೆಂಟ್ ಜೋಡಿಯನ್ನು ಆರಿಸಬೇಕಿತ್ತು. 30–30 ಇದ್ದಾಗ ಆರಿಸೋದು ಹೇಗೆ ಅಂತ ಎಲ್ಲರೂ ತಲೆ ಕೆರೆದುಕೊಳ್ತಾ ಇದ್ದಾಗ, ಹಿಂದಿನ ದಿನ, ಅಂದ್ರೆ 18ರಂದು, ಇನ್ನೊಂದು ವಿಕೆಟ್ ಬಿತ್ತು. ಕಮ್ಯುನಿಸ್ಟರ ಪಟ್ಟಿಯಲ್ಲಿ ಪಕ್ಷೇತರನಾಗಿ ಗೆದ್ದಿದ್ದ ಅಟ್ಟೀಲಿಯೊ ಜನ್ನೀನಿ ಆ ಕಡೆಗೆ ಹೋದ. 31–29. ಒಂದೇ ಒಂದು ತಲೆ, ಸರ್ಕಾರ ಅಲ್ಪಮತ.

ಆಗ ಹೊರಬಂತು ಆ ಕಾಗದಗಳ ಕಟ್ಟು. ಎಡಕೂಟದವರು 35 ರಾಜೀನಾಮೆಗಳನ್ನೂ ತಂದು ಅಧಿಕಾರದಲ್ಲಿದ್ದ ರೀಜೆಂಟ್‌ಗಳಾದ ಜೊರ್ಡಾನೊ ಜಾಕೊಮಿನಿ ಮತ್ತು ಪ್ರೀಮೊ ಮರಾನಿ ಮುಂದೆ ಇಟ್ಟರು. ತಮ್ಮವೂ ಸೇರಿ! ಪಕ್ಷ ಬಿಟ್ಟವರದಷ್ಟೇ ಕೊಟ್ಟಿದ್ದರೆ ಸೇಡು ಅನ್ನಬಹುದಿತ್ತು. ಎಲ್ಲರದೂ ಕೊಟ್ಟರು. ಇಬ್ಬರೂ ರೀಜೆಂಟ್‌ಗಳು ಎಡಕೂಟದವರೇ. ಮಹಾಸಭೆಯ ಅರ್ಧಕ್ಕಿಂತ ಹೆಚ್ಚು ಸೀಟು ಖಾಲಿಯಾಗಿದೆ, ಹಾಗಾಗಿ ಸಭೆ ವಿಸರ್ಜನೆ, ನವೆಂಬರ್ 3ಕ್ಕೆ ಚುನಾವಣೆ ಅಂತ ಘೋಷಿಸಿದರು. 31 ಜನ ಅರಮನೆಗೆ ಬಂದರೆ ಬಾಗಿಲು ಮುಚ್ಚಿತ್ತು. ಸರ್ಕಾರಿ ಅರಮನೆಯ ಮುಂದಿನ ಚೌಕದಲ್ಲಿ ಬಿಳಿ ಅಮೃತಶಿಲೆಯ ಸ್ವಾತಂತ್ರ್ಯ ದೇವತೆಯ ಪ್ರತಿಮೆಯಿದೆ. ಆ ಪ್ರತಿಮೆಯ ಸುತ್ತ ನಿಂತು ಕೂಗಾಡಿದ್ದಷ್ಟೇ ಬಂತು.

ಇಲ್ಲಿ ನಾನು ನಿಮ್ಮನ್ನು ಒಂದು ನಿಮಿಷ ನಿಲ್ಲಿಸ್ತೀನಿ. ಯಾರು ಸರಿ?

ಎಡದವರ ವಾದ ಹೀಗಿದೆ: ಜನ ನಮ್ಮ ಪಟ್ಟಿಗೆ 35 ಸೀಟು ಕೊಟ್ಟರು. ಆ ಸೀಟು ಹೊತ್ತುಕೊಂಡು ಓಡಿಹೋಗೋಕೆ ಇವರು ಯಾರು? ಬನ್ನಿ, ಮತ್ತೆ ಜನರ ಹತ್ತಿರಾನೇ ಹೋಗೋಣ. ಕೇಳೋಕೆ ನ್ಯಾಯವಾಗಿದೆ. ಎದುರಾಳಿಗಳ ವಾದ: ಎರಡು ವರ್ಷದ ಹಿಂದೆ ದಿನಾಂಕ ಇಲ್ಲದೆ ಬರೆಸಿಕೊಂಡ ಕಾಗದಕ್ಕೆ ಏನು ಬೆಲೆ? ರಾಜೀನಾಮೆ ಕೊಡ್ತಾ ಇಲ್ಲ ಅಂತ ನಾನೇ ಬಾಯಿಬಿಟ್ಟು ಹೇಳ್ತಾ ಇದ್ದೀನಲ್ಲ! ಬಹುಮತ ಯಾರದ್ದು ಅಂತ ಸಭೆ ಸೇರಿ ತಲೆ ಎಣಿಸಿ ನೋಡೋಣ, ಬಾಗಿಲು ತೆಗೀರಿ. ಇದೂ ನ್ಯಾಯವೇ.

ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣ ನೆನಪಿದೆಯಾ? 1989ರಲ್ಲಿ 19 ಶಾಸಕರ ಪತ್ರಗಳನ್ನು ರಾಜ್ಯಪಾಲರಿಗೆ ಕೊಡಲಾಯಿತು, ಬೆಂಬಲ ವಾಪಸ್ ಅಂತ. ಮರುದಿನವೇ ಅವರಲ್ಲಿ ಏಳು ಜನ, ನಮ್ಮ ಸಹಿ ತಪ್ಪು ಹೇಳಿ ಹಾಕಿಸಿಕೊಂಡಿದ್ದು ಅಂದರು. ಸರ್ಕಾರ ಹೋಯಿತು. ಐದು ವರ್ಷದ ನಂತರ ಸುಪ್ರೀಂ ಕೋರ್ಟ್ ಹೇಳಿತು: ಬಹುಮತ ತೀರ್ಮಾನ ಆಗಬೇಕಾದದ್ದು ಸದನದ ಒಳಗೆ, ಪತ್ರಗಳ ಮೇಲಲ್ಲ. ಆ ತೀರ್ಪಿನ ಕನ್ನಡಕ ಹಾಕಿಕೊಂಡು ನೋಡಿದರೆ ಸ್ಯಾನ್ ಮರೀನೊದಲ್ಲಿ 31 ಜನರ ಕೈ ಮೇಲಾಗುತ್ತೆ. ಆದರೆ ನಮ್ಮ ಪಕ್ಷಾಂತರ ಕಾಯ್ದೆಯ ಕನ್ನಡಕ ಹಾಕಿದರೆ? ಆ ಆರೂ ಜನ ಅನರ್ಹರು! ಎರಡೂ ನಮ್ಮದೇ ಕನ್ನಡಕ. ನನಗಂತೂ ಬೀಗ ಹಾಕಿದ್ದು ತಪ್ಪು ಅನಿಸುತ್ತೆ, ಜನರ ಹತ್ತಿರ ಹೋಗೋಣ ಅಂದದ್ದು ಸರಿ ಅನಿಸುತ್ತೆ. ಎರಡನ್ನೂ ಒಂದೇ ಸರ್ಕಾರ ಒಂದೇ ದಿನ ಮಾಡಿತು.

ಈಗ ಆ ಆರು ತಿಂಗಳ ಲೆಕ್ಕ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 30ರ ಮಧ್ಯರಾತ್ರಿಗೆ ಹಳೇ ರೀಜೆಂಟ್‌ಗಳ ಅವಧಿ ಮುಗಿಯುತ್ತೆ. ಹೊಸಬರನ್ನು ಆರಿಸಿಲ್ಲ. ಚುನಾವಣೆವರೆಗೂ ನಾವೇ ಮುಂದುವರೀತೀವಿ ಅಂದರು ಹಳಬರು. ಗಡಿಯಾರ ಹನ್ನೆರಡು ಹೊಡೆಯಿತು, ನಿಮ್ಮ ಅಧಿಕಾರ ಮುಗೀತು ಅಂದರು ಈ ಕಡೆಯವರು. ಆ ರಾತ್ರಿ 31ರ ಗುಂಪು ರೊವೆರೆಟಾ ಅನ್ನೋ ಜಾಗಕ್ಕೆ ಹೋಯಿತು. ಇಟಲಿ ಗಡಿಗೆ ಅಂಟಿಕೊಂಡಂಗೆ ಅಲ್ಲೊಂದು ಕಾರ್ಖಾನೆ ಕಟ್ಟಡ ಇತ್ತು, ಇನ್ನೂ ಪೂರ್ತಿ ಆಗಿರಲಿಲ್ಲ. ಅದರೊಳಗೆ ಕೂತು, ಇನ್ಮೇಲೆ ನಾವೇ ತಾತ್ಕಾಲಿಕ ಸರ್ಕಾರ ಅಂತ ಘೋಷಣೆ ಮಾಡಿದರು.

ಶಾಸಕರನ್ನು ಒಂದೇ ಕಡೆ ಕೂಡಿಹಾಕೋದು ನಮಗೇನು ಹೊಸದಲ್ಲ. ನಮ್ಮವರಿಗೆ ಈಜುಕೊಳ ಇರೋ ರೆಸಾರ್ಟ್ ಬೇಕು. ಪಾಪ, ಇವರಿಗೆ ಸಿಕ್ಕಿದ್ದು ಅರ್ಧ ಕಟ್ಟಿದ ಕಾರ್ಖಾನೆ. ಆದರೆ ಜಾಗದ ಆಯ್ಕೆ ಮಾತ್ರ ಬಹಳ ಚಾಣಾಕ್ಷತನದ್ದು. ಗಡಿಯಾಚೆ ಇಟಲಿಯ ಪೊಲೀಸರು, ಕರಾಬಿನಿಯೇರಿಗಳು, ಶಸ್ತ್ರಸಜ್ಜಿತ ವಾಹನ ತಂದು ನಿಲ್ಲಿಸಿದ್ದರು. ಎಡ ಸರ್ಕಾರ ಈ ಕಟ್ಟಡದ ಮೇಲೆ ಕೈ ಮಾಡೋದು ಅಂದ್ರೆ ಇಟಲಿಯ ಬಂದೂಕಿನ ಕಣ್ಣೆದುರಿಗೇ ಮಾಡಬೇಕು. ಅಕ್ಟೋಬರ್ 1ರಂದು, ಅಂದ್ರೆ ಈ ಕಾರ್ಖಾನೆ ಸರ್ಕಾರ ಹುಟ್ಟಿದ ದಿನವೇ, ಇಟಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ಇಷ್ಟು ಬೇಗ ನಮ್ಮಲ್ಲಿ ಪಡಿತರ ಚೀಟಿಯೂ ಸಿಗೋದಿಲ್ಲ. ಕೆಲವೇ ದಿನಕ್ಕೆ ಅಮೆರಿಕವೂ ಮಾನ್ಯತೆ ಕೊಟ್ಟಿತು. ಇಟಲಿಯಲ್ಲಿ ಆಗ ಪ್ರಧಾನಿ ಅದೋನೆ ಜೋಲಿ, ಕ್ರಿಶ್ಚಿಯನ್ ಡೆಮಾಕ್ರಾಟ್.

ಬೆಟ್ಟದ ಮೇಲೆ ಎಡದವರು ಕಾರ್ಮಿಕರ ದಳ ಕಟ್ಟಿದರು. ಕೈಗೆ ಸಿಕ್ಕ ಬಂದೂಕು ಹಿಡಿದು ಅರಮನೆ ಕಾದರು. ಕೆಳಗೆ ಕಾರ್ಖಾನೆಯಲ್ಲೂ ಬಂದೂಕು. ಹದಿನಾಲ್ಕು ಸಾವಿರ ಜನರ ದೇಶಕ್ಕೆ ಎರಡು ಸರ್ಕಾರ, ಎರಡು ಸೇನೆ. ಇಟಲಿ ರಸ್ತೆ ಬಿಗಿ ಮಾಡಿತು. ಬೆಟ್ಟಕ್ಕೆ ಬರೋ ಪ್ರತಿಯೊಂದು ಸಾಮಾನೂ ಇಟಲಿಯ ನೆಲ ದಾಟಿಯೇ ಬರಬೇಕು ಅನ್ನೋದನ್ನ ಮರೀಬೇಡಿ. ಜಗತ್ತಿನ ಪತ್ರಕರ್ತರು ಬಂದು ಇದನ್ನು ತಮಾಷೆಯ ಯುದ್ಧ ಅಂತ ಬರೆದರು. ಅಕ್ಟೋಬರ್ 4ಕ್ಕೆ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು ನೋಡಿ, ಎಲ್ಲರೂ ಕತ್ತೆತ್ತಿ ಆಕಾಶ ನೋಡೋಕೆ ಶುರು ಮಾಡಿದರು. ಮಾಸ್ಕೋಗೆ ಭೂಮಿ ಸುತ್ತೋ ಶಕ್ತಿ ಬಂದಿತ್ತು, ಟಿಟಾನೊ ಬೆಟ್ಟದ ಕಾಮ್ರೇಡ್‌ಗಳಿಗೆ ರಸ್ತೆ ತೆರೆಸಿಕೊಡೋ ಶಕ್ತಿ ಇರಲಿಲ್ಲ.

ತಮಾಷೆ ಅಂದೆವು, ಆದರೆ ಅಲ್ಲಿದ್ದವರಿಗೆ ಅದು ತಮಾಷೆಯಲ್ಲ. ನೆಂಟರೇ ನೆಂಟರ ಕಡೆ ಬಂದೂಕು ತಿರುಗಿಸಿ ರಾತ್ರಿ ಕಾಯ್ತಾ ಇದ್ದರು. ಒಂದು ಗುಂಡು ಕೈತಪ್ಪಿ ಹಾರಿದ್ದರೆ ಇಟಲಿಯ ಪಡೆ ಒಳಗೆ ನುಗ್ಗೋಕೆ ನೆಪ ಸಿಗುತ್ತಿತ್ತು. ನುಗ್ಗಿದ್ದರೆ, ನೆಪೋಲಿಯನ್‌ನಿಂದ ಮುಸೊಲಿನಿವರೆಗೆ ಎಲ್ಲರನ್ನೂ ದಾಟಿಕೊಂಡು ಬಂದ ಗಣರಾಜ್ಯ ಅವತ್ತೇ ಮುಗಿಯುತ್ತಿತ್ತೋ ಏನೋ. ಈ ಲೆಕ್ಕ ಬೆಟ್ಟದ ಮೇಲಿದ್ದವರಿಗೂ ಗೊತ್ತಿತ್ತು. ಅಕ್ಟೋಬರ್ 11ರಂದು ರೀಜೆಂಟ್‌ಗಳು ಸೋಲು ಒಪ್ಪಿಕೊಂಡರು. 14ರಂದು ಕಾರ್ಖಾನೆಯ ಸರ್ಕಾರ ಬೆಟ್ಟ ಹತ್ತಿ ಅರಮನೆಯೊಳಗೆ ಹೋಯಿತು. ಹನ್ನೆರಡು ವರ್ಷದ ಎಡ ಆಡಳಿತ ಒಂದು ಹನಿ ರಕ್ತ ಬೀಳದೆ ಮುಗಿಯಿತು. ಸೋತವರು ಮಾಡಿದ ಕೆಲಸಗಳಲ್ಲಿ ನನಗೆ ಅತಿ ದೊಡ್ಡದು ಅನಿಸೋದು ಇದೇ, ಬಂದೂಕು ಕೆಳಗಿಟ್ಟದ್ದು. ಇದಕ್ಕೆ ಅವರಿಗೆ ಯಾರೂ ಹಾರ ಹಾಕಲಿಲ್ಲ.

ನವೆಂಬರ್ 3ರ ಚುನಾವಣೆ? ನಡೆಯಲೇ ಇಲ್ಲ. ಹೊಸ ಸರ್ಕಾರಕ್ಕೆ ಅದರ ಅವಸರ ಇರಲಿಲ್ಲ. 1955ರಲ್ಲಿ ಎಡಕೂಟಕ್ಕೆ 35 ಕೊಟ್ಟ ಅದೇ ಮಹಾಸಭೆಯ ಉಳಿದ ಅವಧಿಯನ್ನು ಇವರು ಆಳಿದರು. ಜನರನ್ನು ಕೇಳಿದ್ದು ಎರಡು ವರ್ಷದ ನಂತರ, 1959ರ ಸೆಪ್ಟೆಂಬರ್ 13ಕ್ಕೆ. ಅದೇ ವರ್ಷ ಜುಲೈ 31ಕ್ಕೆ ಕೇರಳದಲ್ಲಿ ಇ.ಎಂ.ಎಸ್. ಸರ್ಕಾರವನ್ನು ದೆಹಲಿ ವಜಾ ಮಾಡಿತ್ತು.

ಆ ಚುನಾವಣೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟರಿಗೆ 27. ಪಕ್ಷ ಬಿಟ್ಟು ಬಂದವರ ಹೊಸ ಪಕ್ಷಕ್ಕೆ 9. ಕಮ್ಯುನಿಸ್ಟರಿಗೆ 16, ಹಳೇ ಸಮಾಜವಾದಿಗಳಿಗೆ 8. ಅಂದ್ರೆ 36–24. ದ್ರೋಹಿಗಳು ಅನಿಸಿಕೊಂಡವರನ್ನು ಜನ ಮನೆಗೆ ಕಳಿಸಲಿಲ್ಲ, ಸೀಟು ಹೆಚ್ಚಿಸಿ ಕಳಿಸಿದರು. ಆದರೆ ಇದು 1957ರ ನವೆಂಬರ್‌ನಲ್ಲಿ ಸಿಗ್ತಿದ್ದ ಉತ್ತರವೇ ಅಂತ ಹೇಳೋಕೆ ಬರೋದಿಲ್ಲ. ಎರಡು ವರ್ಷ ಅಧಿಕಾರದಲ್ಲಿ ಕೂತು, ಪಕ್ಕದ ದೊಡ್ಡ ದೇಶದ ಸ್ನೇಹ ಬೆನ್ನಿಗಿಟ್ಟುಕೊಂಡು ಎದುರಿಸಿದ ಚುನಾವಣೆ ಅದು.

ಉತ್ತರ ಕೊಟ್ಟವರಾದರೂ ಯಾರು? ಮತ್ತೆ ಗಂಡಸರೇ. ಹೆಂಗಸರಿಗೆ ಓಟು ಕೊಡೋ ತೀರ್ಮಾನ ಅಷ್ಟರಲ್ಲಿ ಆಗಿತ್ತು, ಆದರೆ ಜಾರಿಯಾಗಿದ್ದು ಈ ಚುನಾವಣೆ ಮುಗಿದ ಮೇಲೆ. ಬಂದೂಕು ಹಿಡಿದು ನಿಂತ ಗಂಡ, ಮಗ, ಅಣ್ಣ ಮನೆಗೆ ಬರ್ತಾನೋ ಇಲ್ಲವೋ ಅಂತ ಆ ಎರಡು ವಾರ ಕಾದ ಹೆಣ್ಣುಮಕ್ಕಳು ಮೊದಲ ಸಲ ಓಟು ಹಾಕಿದ್ದು 1964ರಲ್ಲಿ. ಚುನಾವಣೆಗೆ ನಿಲ್ಲೋ ಹಕ್ಕು ಸಿಗೋಕೆ 1973 ಬರಬೇಕಾಯಿತು.

ಇನ್ನು ಕಮ್ಯುನಿಸ್ಟರು. 1978ರಲ್ಲಿ ಅವರು ಸಮಾಜವಾದಿಗಳ ಜೊತೆ ಸೇರಿಕೊಂಡು ಮತ್ತೆ ಸರ್ಕಾರಕ್ಕೆ ಬಂದರು, ಅದೇ ಬೆಟ್ಟದ ಮೇಲೆ, ಅದೇ ಅರಮನೆಗೆ. ಈ ಸಲ ಗಡಿಯಲ್ಲಿ ಯಾರೂ ಗಾಡಿ ಅಡ್ಡ ನಿಲ್ಲಿಸಲಿಲ್ಲ.